ಕೆಡವಿದ ಮನೆಗಳಿಂದ ಕಟ್ಟಿದ ಮನೆ: ಮಣಿಪಾಲದ ಹಸ್ತಶಿಲ್ಪ

ಕರಾವಳಿಯ ಗುತ್ತು, ಬೀಡು, ಚೌಕಿಮನೆಗಳೆಂಬ ಹಿರಿಯ ಮನೆಗಳು ಒಂದೊಂದಾಗಿ ನೆಲಸಮವಾದುದಕ್ಕೆ ಕಾರಣವನ್ನು ಅರಸಹೊರಟರೆ ಎರಡು ಶಾಸನಗಳು ಮೊದಲು ಎದುರಾಗುತ್ತವೆ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1949ರಲ್ಲಿ, ತಾಯಿಯ ಕಡೆಯಿಂದ ವಂಶ ಸಾಗುವ ಮನೆತನಗಳಿಗೆ ಬಂದ ಅಳಿಯಸಂತಾನ ಕಾನೂನು ಅವಿಭಕ್ತ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಅವಕಾಶವಿತ್ತಿತು. 1974ರ ಭೂಸುಧಾರಣೆಯು ಉಳುವವನನ್ನೇ ಹೊಲದೊಡೆಯನನ್ನಾಗಿಸಿತು. ಎರಡೂ ನ್ಯಾಯದ ಕಾರ್ಯಗಳೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗೇಣಿಯ ಅಕ್ಕಿಮುಡಿ ಬರುವುದು ನಿಂತು, ಕುಟುಂಬವು ಕವಲೊಡೆದು, ಮಕ್ಕಳು ಮುಂಬಯಿಗೂ ಅದರಾಚೆಗೂ ಉದ್ಯೋಗವನ್ನರಸಿ ನಡೆದ ಮೇಲೆ, ನೂರು ಜನರ ಊಟಕ್ಕೆಂದು ಕಟ್ಟಿದ ಮನೆಯ ಹೆಂಚನ್ನು ವರ್ಷವರ್ಷ ಕೈಯಾಡಿಸುವವರು ಇಲ್ಲವಾದರು. ಆಗ ಮರದ ವ್ಯಾಪಾರಿ ಬಂದನು. ಕೆತ್ತನೆಯ ಕಂಬವೂ ತೊಲೆಯೂ ಘನ ಅಡಿಯ ಲೆಕ್ಕದಲ್ಲಿ ಬಿಕರಿಯಾದುವು.

ಇಂತಹ ಕಾಲದಲ್ಲಿ ಉಡುಪಿಯ ವಿಜಯನಾಥ ಶೆಣೈ ಎಂಬ ಬ್ಯಾಂಕ್ ನೌಕರರು, ವಾಸ್ತುವಿದ್ಯೆಯ ಪದವಿಯಾಗಲಿ ಪಿತ್ರಾರ್ಜಿತ ಸಂಪತ್ತಿನ ಬಲವಾಗಲಿ ಇಲ್ಲದೆ, ಕೆಡಹುತ್ತಿದ್ದ ಮನೆಗಳ ಬಾಗಿಲುವಾಡ, ಕಿಟಕಿ, ಕಂಬ, ಮುಚ್ಚಿಗೆಗಳನ್ನು ಕೊಂಡು ತಂದು, ಊರ ಬಡಗಿಗಳ ನೆರವಿನಿಂದ ಮಣಿಪಾಲದಲ್ಲಿ ತಮಗೊಂದು ಮನೆಯನ್ನು ಕಟ್ಟಿಕೊಂಡರು. ಅದಕ್ಕೆ ಹಸ್ತಶಿಲ್ಪವೆಂದು ಹೆಸರಿಟ್ಟರು. ಇದ್ದ ಊರಿನಲ್ಲಿ ಉಳಿಯಲಾರದೆ ಹೋದ ಮನೆಗಳ ಅಂಗಾಂಗಗಳಾದರೂ ಉಳಿದು ಮತ್ತೊಮ್ಮೆ ಮನೆಯಾಗಲೆಂಬುದೇ ಅವರ ಸಂಕಲ್ಪ. ಹಲವರಿಗೆ ಆಗ ಅದೊಂದು ಹುಚ್ಚಾಗಿಯೇ ತೋರಿದ್ದರೆ ಆಶ್ಚರ್ಯವಿಲ್ಲ.

ಕರಾವಳಿಯ ಆ ಹಳೆಯ ಬಗೆಯ ಮನೆಯೊಳಗೆ ಕಾಲಿಡುವವನು ಮೊದಲು ತಲೆ ಬಾಗಬೇಕು. ಬಾಗಿಲು ತಗ್ಗು, ಹೊಸಿಲು ಎತ್ತರ. ಹೊರಗಣ ಬಿಸಿಲಿನಿಂದ ಬಂದ ಕಣ್ಣು ಒಳಗಿನ ನೆರಳಿಗೆ ಒಗ್ಗುವಷ್ಟರಲ್ಲಿ ಜಗಲಿಯ ಕಂಬಗಳು ಕಾಣತೊಡಗುತ್ತವೆ: ಬುಡದಲ್ಲಿ ಚೌಕವಾಗಿದ್ದು, ನಡುವೆ ದುಂಡಗಾಗಿ, ಬೋದಿಗೆಯಲ್ಲಿ ಹೂವಾಗಿ ಅರಳಿದ ಹಲಸಿನ ಮರ. ಜಗಲಿಯಾಚೆ ಚಾವಡಿ, ಅಲ್ಲಿಯೇ ಪಂಚಾಯಿತಿಕೆ, ಅಲ್ಲಿಯೇ ನೆಂಟರ ಉಪಚಾರ. ಅದರಾಚೆ ಆಕಾಶಕ್ಕೆ ತೆರೆದ ಒಳಅಂಗಳ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಮನೆಯ ನಡುವೆಯೇ ಮುಗಿಲಿಗೆ ಬಾಯಿ ತೆರೆದಿಡುವುದು ಅವಿವೇಕವೆಂದು ತೋರಬಹುದು. ಆದರೆ ಕೋಣೆಗಳಿಗೆ ಬೆಳಕೂ ಗಾಳಿಯೂ ದೊರೆಯುತ್ತಿದ್ದುದು ಆ ಅಂಗಳದಿಂದಲೇ. ಮಳೆಯನ್ನು ತಡೆಯಲು ಹೊರಗೋಡೆಗಳ ಮೇಲೆ ತಗ್ಗಾಗಿ ಚಾಚಿದ ಸೂರಿತ್ತು. ತಲೆಯ ಮೇಲಣ ಮರದ ಮುಚ್ಚಿಗೆಯ ಬೆನ್ನಿಗೆ ಮಣ್ಣನ್ನು ಹರಡುತ್ತಿದ್ದುದು ಸೆಕೆಯನ್ನು ತಡೆಯಲಿಕ್ಕೆ, ಮುಳಿಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೆ ಕೆಳಗಿನ ಮನೆಯನ್ನು ಕಾಯಲಿಕ್ಕೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆಯೇ ಹೆಂಚು ಆ ಹುಲ್ಲಿನ ಸ್ಥಾನವನ್ನು ಕ್ರಮೇಣ ಪಡೆದುದು.

ಕೂಡುಗಳನ್ನು ಮಾತ್ರ ಹತ್ತಿರ ನಿಂತು ನೋಡತಕ್ಕದ್ದು. ತೊಲೆಯ ತುದಿಯನ್ನು ನಾಲಗೆಯಂತೆ ಕೊರೆದು, ಕಂಬದ ನೆತ್ತಿಯಲ್ಲಿ ತೋಡಿದ ಸಂದಿಗೆ ಸೇರಿಸಿ, ಅಡ್ಡಲಾಗಿ ಮರದ ಗೂಟವೊಂದನ್ನು ಬಡಿದಿರುತ್ತಾರೆ. ಕಬ್ಬಿಣದ ಮೊಳೆಗೆ ಅಲ್ಲಿ ಕೆಲಸವಿಲ್ಲ. ಗೂಟವನ್ನು ಹೊರಕ್ಕೆ ತಟ್ಟಿದರೆ ತೊಲೆಯು ಸೀಳದೆ ಬಿಡಿಸಿಕೊಳ್ಳುತ್ತದೆ. ನಮ್ಮ ಹಿಂದಿನ ಆಚಾರಿಗಳು ಹೀಗೆ ಕಟ್ಟಿದ್ದರಿಂದಲೇ ಶೆಣೈಯವರ ಸಾಹಸವು ಸಾಧ್ಯವಾಯಿತು. ಬಿಚ್ಚಬಲ್ಲ ಮನೆಯನ್ನು ಮಾತ್ರ ಮರಳಿ ಜೋಡಿಸಲು ಬರುತ್ತದೆ.

ಮನೆಯನ್ನು ನೋಡಲು ಬರುವವರ ಸಂಖ್ಯೆ ಬೆಳೆಯುತ್ತ ಹೋದಂತೆ, ಪ್ರೀತಿಯಿಂದ ಕಟ್ಟಿದ ಆ ಮನೆಯನ್ನು ಶೆಣೈಯವರು ಸ್ವಂತಕ್ಕೆ ಇಟ್ಟುಕೊಳ್ಳದೆ ಸಾರ್ವಜನಿಕರಿಗಾಗಿ ಒಂದು ಟ್ರಸ್ಟಿಗೆ ಒಪ್ಪಿಸಿದರು. ಬಳಿಕ ಅವರ ಮನಸ್ಸು ಬಿಡಿ ಕಂಬಗಳಿಂದ ಇಡೀ ಮನೆಗಳೆಡೆಗೆ ಹೊರಳಿತು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲು, ಮುಧೋಳದ ಅರಮನೆಯ ದರ್ಬಾರು ಹಜಾರ ಮೊದಲಾದವುಗಳನ್ನು ಬಿಚ್ಚಿ, ತುಂಡು ತುಂಡಿಗೂ ಅಂಕೆಯನ್ನು ಬರೆದು, ಲಾರಿಗಳಲ್ಲಿ ಸಾಗಿಸಿ, ಮಣಿಪಾಲದ ಅನಂತನಗರದ ಜಾಗದಲ್ಲಿ ಮತ್ತೆ ನಿಲ್ಲಿಸಿದರು. ನಾರ್ವೆ, ಫಿನ್ಲೆಂಡ್ ದೇಶಗಳೂ ಈ ಕಾರ್ಯಕ್ಕೆ ನೆರವಿತ್ತುವು. 2017ರಲ್ಲಿ ಶೆಣೈಯವರು ದಿವಂಗತರಾದರು. ಆ ಜಾಗದಲ್ಲಿ ಅವರು ನಿಲ್ಲಿಸಿದ ಮನೆಗಳ ಹಸ್ತಶಿಲ್ಪ ಪಾರಂಪರಿಕ ಗ್ರಾಮವು ನಮ್ಮೆಲ್ಲರ ಸೊತ್ತಾಗಿ ಉಳಿದಿದೆ.

ಕಡಲಾಚೆ ನೆಲೆಸಿದ ನಮ್ಮವರು ಊರಿಗೆ ಬಂದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂಬುದು ನನ್ನ ಆಗ್ರಹದ ಬಿನ್ನಹ. ಆದರೆ ಅಷ್ಟಕ್ಕೇ ಕರ್ತವ್ಯವು ಮುಗಿಯದು. ಇಂದಿಗೂ ನಿಂತಿರುವ ಅನೇಕ ಹಿರಿಯ ಮನೆಗಳ ಪಾಲುಪತ್ರಕ್ಕೆ ಬೇಕಾದ ಸಹಿಗಳಲ್ಲಿ ಒಂದಾದರೂ ಪರದೇಶದಿಂದ ಬರತಕ್ಕದ್ದಾಗಿರುತ್ತದೆ. ಆ ಸಹಿಯನ್ನು ಹಾಕುವ ಮುನ್ನ ಮನೆಯನ್ನು ಅಳೆಯಿಸಿರಿ, ಛಾಯಾಚಿತ್ರ ತೆಗೆಯಿಸಿರಿ, ಹಳೆಯ ಕೂಡುಗಳನ್ನರಿತ ಆಚಾರಿಯೊಬ್ಬನನ್ನು ಕರೆದು ತೋರಿಸಿರಿ. ಉಳಿಸಿಕೊಳ್ಳಲಾಗದಿದ್ದರೆ ಕೊಡಲಿಯಿಂದ ಕಡಿಯಗೊಡದೆ, ಗೂಟವನ್ನು ತಟ್ಟಿ ಬಿಚ್ಚಿಸಿರಿ. ಬಿಚ್ಚಿದ ಮನೆಗೆ ಇನ್ನೊಂದು ಜನ್ಮವುಂಟೆಂಬುದನ್ನು ಒಬ್ಬ ಬ್ಯಾಂಕ್ ನೌಕರರು ತೋರಿಸಿಕೊಟ್ಟಿರುವರಲ್ಲವೆ?