ಗೋಡೆ ಹತ್ತಿ ಬಂದ ತೋಟಗಾರ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೆಲ್ಲ ಜನರ ಕಣ್ಣು ಹೂವಿನ ಮೇಲಿದ್ದರೆ ನನ್ನ ಕಣ್ಣು ಗಾಜಿನ ಮನೆಯ ಕಬ್ಬಿಣದ ಕಮಾನುಗಳತ್ತ ಹೋಗುತ್ತದೆ. 1889ರಲ್ಲಿ ಅಡಿಗಲ್ಲು ಕಂಡ ಈ ಮನೆಗೆ ಸ್ಫೂರ್ತಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಅದನ್ನು ಕಲ್ಪಿಸಿದಾತ ಶಾಲೆಯಲ್ಲಿ ಕಲಿತ ವಾಸ್ತುಶಿಲ್ಪಿಯಲ್ಲ. ಒಬ್ಬ ಜಮೀನ್ದಾರನ ತೋಟಗಾರ, ಜೋಸೆಫ್ ಪ್ಯಾಕ್ಸ್‌ಟನ್. ಆದರೆ ಇಂದು ನಾನು ಹೇಳಹೊರಟಿರುವುದು ಅವನ ಕಟ್ಟಡದ ಕಥೆಯನ್ನಲ್ಲ, ಅವನ ಸಂಸಾರದ ಕಥೆಯನ್ನು.

ಬೆಡ್‌ಫರ್ಡ್‌ಷೈರಿನ ರೈತ ಮನೆತನದ ಏಳನೆಯ ಮಗನಾಗಿ 1803ರಲ್ಲಿ ಹುಟ್ಟಿದ ಪ್ಯಾಕ್ಸ್‌ಟನ್ ಲಂಡನ್ನಿನ ಬಳಿಯ ಚಿಸಿಕ್ಕಿನ ಸಸ್ಯೋದ್ಯಾನದಲ್ಲಿ ಕೆಲಸಕ್ಕಿದ್ದ. ನೆರೆಯಲ್ಲೇ ಮನೆಯಿದ್ದ ಡೆವನ್‌ಷೈರಿನ ಆರನೆಯ ಡ್ಯೂಕ್ ಈ ಚುರುಕು ಹುಡುಗನನ್ನು ಮೆಚ್ಚಿ, ಡರ್ಬಿಷೈರಿನ ತನ್ನ ಚಾಟ್ಸ್‌ವರ್ತ್ ಎಸ್ಟೇಟಿಗೆ ಮುಖ್ಯ ತೋಟಗಾರನಾಗಿ ನೇಮಿಸಿದ. ಆಗ ಇವನಿಗೆ ಇಪ್ಪತ್ತೆರಡು ವರ್ಷ.

1826ರ ಮೇ 9ರಂದು ಬೆಳಗಿನ ಜಾವ ನಾಲ್ಕೂವರೆಗೆ ಪ್ಯಾಕ್ಸ್‌ಟನ್ ಅಲ್ಲಿಗೆ ಬಂದ. ಬಾಗಿಲು ತೆರೆಯುವವರಿಲ್ಲ. ಗೋಡೆ ಹತ್ತಿ ಒಳಗಿಳಿದು ತೋಟವನ್ನೆಲ್ಲ ಸುತ್ತಿ ನೋಡಿದ. ಆರು ಗಂಟೆಗೆ ಆಳುಗಳು ಬಂದೊಡನೆ ಕೆಲಸಕ್ಕೆ ಹಚ್ಚಿದ. ಬಳಿಕ ಅರಮನೆಯ ಮನೆವಾರ್ತೆ ನೋಡುತ್ತಿದ್ದ ಶ್ರೀಮತಿ ಗ್ರೆಗರಿಯ ಬಳಿ ಉಪಾಹಾರಕ್ಕೆ ಕುಳಿತಾಗ, ಆಕೆಯ ಬಂಧು ಸಾರಾ ಬೌನ್ ಎಂಬ ಹುಡುಗಿಯನ್ನು ಕಂಡು ಮನಸೋತ. ಒಂಬತ್ತು ಗಂಟೆಯೊಳಗೆ ಇಷ್ಟೂ ಮುಗಿದಿತ್ತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಮರು ವರ್ಷವೇ ಮದುವೆ.

ಅಲ್ಲಿಂದಾಚೆಗೆ ಅವನದು ಏರುವ ದಾರಿ. ಡ್ಯೂಕನ ಮನೆತನವಾದ ಕ್ಯಾವೆಂಡಿಷರ ಹೆಸರು ಹೊತ್ತ ಬಾಳೆ ಚಾಟ್ಸ್‌ವರ್ತಿನ ಬೆಚ್ಚನೆಯ ಗಾಜಿನ ಮನೆಯಲ್ಲಿ ಗೊನೆಬಿಟ್ಟಿತು. ನಾವು ಸಂತೆಯಲ್ಲಿ ಕೊಳ್ಳುವ ಪಚ್ಚಬಾಳೆ ಆ ಬಳಗದ್ದೇ. ಯಜಮಾನನ ಹೆಸರು ಹಣ್ಣಿಗೆ ಬಂತು. ಬೆಳೆದವನ ಹೆಸರು ಬರಲಿಲ್ಲ! ಅನಂತರ 277 ಅಡಿ ಉದ್ದದ ಮಹಾ ಗಾಜಿನ ಮನೆ ಎದ್ದಿತು. 1849ರಲ್ಲಿ ದಕ್ಷಿಣ ಅಮೆರಿಕೆಯ ದೈತ್ಯ ನೈದಿಲೆ ಅರಳಿದಾಗ, ಪ್ಯಾಕ್ಸ್‌ಟನ್ ತನ್ನ ಏಳು ವರ್ಷದ ಮಗಳು ಆನಿಯನ್ನು ಅದರ ಎಲೆಯ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ. ತೆಳುವಾದ ಎಲೆಗೆ ಕೆಳಗಿನ ನರಗಳು ಹೇಗೆ ಆಸರೆಯಾಗಿವೆ ಎಂಬುದನ್ನು ಆ ತಂದೆ ಮರೆಯಲಿಲ್ಲ. 1851ರ ಲಂಡನ್ ಮಹಾ ಪ್ರದರ್ಶನಕ್ಕೆಂದು ಅವನು ಕೊಟ್ಟ 1,848 ಅಡಿಯ ಸ್ಫಟಿಕ ಭವನಕ್ಕೆ ಅದೂ ಒಂದು ಪಾಠ. ತೋಟಗಾರ ಸರ್ ಜೋಸೆಫ್ ಆದ; 1854ರಲ್ಲಿ ಪಾರ್ಲಿಮೆಂಟಿನ ಸದಸ್ಯನೂ ಆದ.

ಸಾರಾ ಎಲ್ಲಿದ್ದಳು? ಚಾಟ್ಸ್‌ವರ್ತಿನಲ್ಲೇ. ಡ್ಯೂಕನಿಗೆ ಹೆಂಡತಿ ಮಕ್ಕಳಿರಲಿಲ್ಲ. ಪ್ರಯಾಣಕ್ಕೆ ತೋಟಗಾರನೇ ಜೊತೆಯಾಗಬೇಕು. 1838ರಲ್ಲಿ ಇಬ್ಬರೂ ಹೊರಟು ಇಟಲಿ, ಗ್ರೀಸ್, ಕಾನ್‌ಸ್ಟಾಂಟಿನೋಪಲ್ ನೋಡಿ ಮರಳಿದ್ದು ಮರುವರ್ಷ. ಗಂಡನಿಲ್ಲದಾಗ ತೋಟದ ಲೆಕ್ಕಪತ್ರ, ಉಸ್ತುವಾರಿ ಸಾರಾಳದು. ಎಂಟು ಮಕ್ಕಳನ್ನು ಹೆತ್ತಳು. ಹಿರಿಯ ಮಗ ವಿಲಿಯಮ್ ಬಾಲ್ಯದಲ್ಲೇ ತೀರಿಕೊಂಡ. ಗಂಡಹೆಂಡಿರ ನಡುವಿನ ಮಾತುಕತೆ ಬಹುಪಾಲು ಕಾಗದಗಳಲ್ಲೇ ನಡೆಯಿತು. 1865ರಲ್ಲಿ ಪ್ಯಾಕ್ಸ್‌ಟನ್ ತೀರಿಕೊಂಡದ್ದು ಲಂಡನ್ನಿನ ಬಳಿ ಸಿಡನ್‌ಹ್ಯಾಮಿನಲ್ಲಿ, ತನ್ನ ಸ್ಫಟಿಕ ಭವನದ ನೆರೆಯಲ್ಲಿ. ಸಾರಾ 1871ರಲ್ಲಿ ಸಾಯುವವರೆಗೂ ಚಾಟ್ಸ್‌ವರ್ತನ್ನು ಬಿಡಲಿಲ್ಲ.

ಗಾಜು ಬಹಳ ಕಾಲ ಬಾಳಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಮಹಾ ಗಾಜಿನ ಮನೆಯ ಗಿಡಗಳು ಸತ್ತವು. 1920ರಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಸ್ಫಟಿಕ ಭವನ 1936ರಲ್ಲಿ ಸುಟ್ಟುಹೋಯಿತು. ಬದುಕಿ ಉಳಿದದ್ದು ಕಾಗದಗಳು. ಅವನ ಮೊಮ್ಮಗಳು ವಯಲೆಟ್ ಮಾರ್ಕಮ್ 1935ರಲ್ಲಿ ತಾತನ ಮತ್ತು ಡ್ಯೂಕನ ಚರಿತ್ರೆ ಬರೆದಳು. ಆ ಪುಸ್ತಕದ ಹೆಸರಿನಲ್ಲೂ ಇರುವುದು ಅವರಿಬ್ಬರೇ, ಅಜ್ಜಿಯಿಲ್ಲ.

ಲಾಲ್‌ಬಾಗಿನ ಆ ಕಮಾನುಗಳ ಕೆಳಗೆ ನಿಂತಾಗ ನನಗೆ ನೈದಿಲೆಯ ಎಲೆ ನೆನಪಾಗುತ್ತದೆ. ಎಲೆಯನ್ನು ಎಲ್ಲರೂ ನೋಡುತ್ತಾರೆ. ಭಾರ ಹೊರುವ ನರಗಳು ಇರುವುದು ನೀರಿನೊಳಗೆ.