ಕುದುರೆಮರಿಗಳ ಋತು

ಪೆರು ದೇಶದ ಕಾಲ್ಚೆಂಡಿನ ಅಗ್ರಶ್ರೇಣಿಯ ಪಟ್ಟಿಯಲ್ಲಿ 1987ನೆಯ ಇಸವಿಯ ಎದುರಿಗೆ ವಿಜೇತನ ಸ್ಥಾನದಲ್ಲಿ ಲಿಮಾ ನಗರದ ಊನಿವರ್ಸಿತಾರಿಯೊ ಕ್ಲಬ್ಬಿನ ಹೆಸರಿದೆ. ಆ ಗೆಲವು ನ್ಯಾಯವಾದದ್ದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ದೇಶದ ಯಾವ ಊರಿನ ಯಾವ ಹಿರಿಯನನ್ನು ಆ ವರ್ಷದ ಕುರಿತು ಕೇಳಿದರೂ ಆತನ ಬಾಯಲ್ಲಿ ಮೊದಲು ಬರುವುದು ಪಟ್ಟವೇರಿದವರ ಹೆಸರಲ್ಲ, ಪಟ್ಟಿಯ ತುದಿಯಲ್ಲಿದ್ದುಕೊಂಡೇ ಕಡಲ ಪಾಲಾದ ಹುಡುಗರ ಹೆಸರು.

ಆ ಹುಡುಗರ ತಂಡ ಅಲಿಯಾನ್ಸಾ ಲಿಮಾ. 1901ರ ಫೆಬ್ರವರಿ 15ರಂದು ಲಿಮಾದ ಕೊಟಬಾಂಬಾಸ್ ಬೀದಿಯ ಕೆಲವು ಬಾಲಕರು ಕೂಡಿ ಕಟ್ಟಿಕೊಂಡ ಈ ಕೂಟಕ್ಕೆ ಹೆಸರು ಬಂದದ್ದು ಅಲ್ಲಿಯೇ ಇದ್ದ ಒಂದು ಕುದುರೆಲಾಯದಿಂದ. ಮುಂದೆ ರಾಷ್ಟ್ರಾಧ್ಯಕ್ಷನಾದ ಆಗುಸ್ತೊ ಲೆಗೀಯಾನಿಗೆ ಸೇರಿದ್ದ ಆ ಲಾಯದ ಹೆಸರೂ ಅಲಿಯಾನ್ಸಾ ಎಂದೇ, ಎಂದರೆ ಮೈತ್ರಿ. ಕೂಲಿಕಾರರು, ಇಟ್ಟಿಗೆ ಹೊರುವವರು, ನೂಲಿನ ಗಿರಣಿಗಳಲ್ಲಿ ದುಡಿಯುವವರು, ಆಫ್ರಿಕದಿಂದ ದಾಸ್ಯಕ್ಕೆ ತರಲ್ಪಟ್ಟ ಜನರ ಮೊಮ್ಮಕ್ಕಳು ಈ ತಂಡದ ಪ್ರಾಣವಾದರು. ಅದು ಲಾ ವಿಕ್ಟೋರಿಯಾ ಎಂಬ ದುಡಿಮೆಗಾರರ ಬಡಾವಣೆಯಲ್ಲಿ ನೆಲೆಯೂರಿದ ಮೇಲೆ ಆ ಕೇರಿಗೂ ತಂಡಕ್ಕೂ ಭೇದವೇ ಉಳಿಯಲಿಲ್ಲ. ಆಟಗಾರರನ್ನು ಜನ ಇಂದಿಗೂ ಲಾ ವಿಕ್ಟೋರಿಯಾದ 'ಆಪ್ತರು' ಎಂದೇ ಕರೆಯುತ್ತಾರೆ. ಪ್ರತಿ ಅಕ್ಟೋಬರಿನಲ್ಲಿ 'ಪವಾಡಗಳ ಪ್ರಭು'ವಿನ ಮೆರವಣಿಗೆಗಾಗಿ ಲಿಮಾ ನಗರವೆಲ್ಲ ನೇರಳೆ ಬಣ್ಣವನ್ನು ಉಡುವಾಗ, ಗುಲಾಮನೊಬ್ಬನು ಮಣ್ಣಿನ ಗೋಡೆಯ ಮೇಲೆ ಬರೆದನೆಂದು ಹೇಳುವ ಆ ಕ್ರಿಸ್ತಚಿತ್ರದ ಗೌರವಾರ್ಥವಾಗಿ ಅಲಿಯಾನ್ಸಾದವರೂ ತಮ್ಮ ನೀಲಿ-ಬಿಳಿ ಪಟ್ಟೆಯ ಅಂಗಿಯನ್ನು ಬದಿಗಿಟ್ಟು ನೇರಳೆಯನ್ನು ತೊಡುತ್ತಾರೆ. ಕ್ರೀಡೆಯೂ ಭಕ್ತಿಯೂ ಇಷ್ಟು ಸಹಜವಾಗಿ ಒಂದೇ ಬಟ್ಟೆಯನ್ನು ಹಂಚಿಕೊಂಡಿರುವ ದೃಷ್ಟಾಂತವನ್ನು ನಾನು ಬೇರೆಲ್ಲಿಯೂ ಕಂಡರಿಯೆ.

ಇವರ ಎದುರಾಳಿಗಳಾದ ಊನಿವರ್ಸಿತಾರಿಯೊದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. 1928ರ ಸೆಪ್ಟೆಂಬರ್ 23ರಂದು ಈ ಎರಡು ತಂಡಗಳು ಮೊದಲ ಸಲ ಸಂಧಿಸಿದಾಗ ವಿದ್ಯಾರ್ಥಿಗಳ ತಂಡ ಒಂದು ಗೋಲಿನಿಂದ ಗೆದ್ದಿತು. ಅಲಿಯಾನ್ಸಾದ ಐವರನ್ನು ತೀರ್ಪುಗಾರನು ಹೊರಗಟ್ಟಿದನು. ಪ್ರೇಕ್ಷಕರ ಸಾಲಿನಲ್ಲಿದ್ದ ಸಿರಿವಂತ ಯುವಕರು ತಮ್ಮ ಕೈಯ ಬೆತ್ತಗಳನ್ನು ಬೀಸಿದರು. 'ಬೆತ್ತದೇಟಿನ ಪಂದ್ಯ'ವೆಂಬ ಹೆಸರು ಅದಕ್ಕೆ ಅಂದಿನಿಂದ ಅಂಟಿಕೊಂಡಿದೆ. ಅದೇ ಅಲಿಯಾನ್ಸಾದ ಮುಂಚೂಣಿಯಲ್ಲಿದ್ದ ಆಲೆಹಾಂದ್ರೊ ವಿಯಾನುಯೇವ ಎಂಬ ನೀಳಕಾಯದ ಕಲಾವಿದನು 1944ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಮೂವತ್ತು ವರ್ಷಗಳ ತರುವಾಯ, 1974ರ ಡಿಸೆಂಬರಿನಲ್ಲಿ, ಲಾ ವಿಕ್ಟೋರಿಯಾದ ಮಟೂಟೆಯಲ್ಲಿ ತೆರೆದ ಕ್ರೀಡಾಂಗಣ ಈಗ ಅವನ ಹೆಸರನ್ನು ಹೊತ್ತಿದೆ.

ಇಷ್ಟನ್ನು ಹೇಳಿದ ಮೇಲೆ, ಆ ತಂಡವು ವಿಮಾನವನ್ನೇ ಏಕೆ ಏರಬೇಕಾಯಿತೆಂಬುದನ್ನು ವಿವರಿಸಬೇಕು. ಪೆರುವಿನ ಅಗ್ರಶ್ರೇಣಿಯ ಪಂದ್ಯಾವಳಿ 1912ರಲ್ಲಿ ಹುಟ್ಟಿತಾದರೂ, 1951ರಲ್ಲಿ ವೃತ್ತಿಪರರ ಆಟವಾಯಿತಾದರೂ, ಅರ್ಧ ಶತಮಾನಕ್ಕೂ ಮೀರಿ ಅದು ರಾಜಧಾನಿಯಾದ ಲಿಮಾ ಮತ್ತು ಅದರ ಬಂದರಾದ ಕಾಯಾಓ ಎಂಬ ಅಕ್ಕಪಕ್ಕದ ಎರಡು ಊರುಗಳ ಮನೆಯೊಳಗಿನ ಸ್ಪರ್ಧೆಯಾಗಿಯೇ ಉಳಿದಿತ್ತು. 1966ರಲ್ಲಿ ಮಾತ್ರ ಹೊರಪ್ರಾಂತಗಳ ಕ್ಲಬ್ಬುಗಳಿಗೆ ಬಾಗಿಲು ತೆರೆಯಲಾಗಿ 'ವಿಕೇಂದ್ರಿತ ಪಂದ್ಯಾವಳಿ' ಎಂಬ ಹೆಸರು ಅದಕ್ಕೆ ಬಂದಿತು. ಆ ಮೊದಲ ವಿಕೇಂದ್ರಿತ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲುಗಳನ್ನು ಹೊಡೆದವನು ಅಲಿಯಾನ್ಸಾದ 17 ವರ್ಷದ ಹುಡುಗ, ತಿಯೋಫಿಲೊ ಕುಬಿಯಾಸ್. ಅವನ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಈ ಬದಲಾವಣೆಯಿಂದ ಪೆರುವಿನ ಭೂಗೋಳವೆಲ್ಲ ಆಟದೊಳಕ್ಕೆ ಬಂದಿತು. ಪಶ್ಚಿಮದಲ್ಲಿ ಮಳೆಯನ್ನರಿಯದ ಮರಳು ಕರಾವಳಿ, ನಡುವೆ ಆಂಡೀಸ್ ಪರ್ವತಗಳ ಹಿಮದ ಗೋಡೆ, ಪೂರ್ವದಲ್ಲಿ ಅಮೆಜಾನಿನ ಕಾಡು. ಕರಾವಳಿಯ ತಂಡವೊಂದು ಕಾಡಿನ ಊರಿನಲ್ಲಿ ಆಡಿ ಅಂದೇ ಮನೆ ಸೇರಬೇಕೆಂದರೆ ಆಕಾಶದ ಹೊರತು ಅನ್ಯಮಾರ್ಗವಿರಲಿಲ್ಲ. ದೇಶವನ್ನೆಲ್ಲ ಒಂದು ಆಟದಲ್ಲಿ ಹೆಣೆಯಬೇಕೆಂಬ ಸಂಕಲ್ಪವನ್ನು ನಾನು ಈಗಲೂ ಒಳ್ಳೆಯದೆಂದೇ ನಂಬಿದ್ದೇನೆ. ಆದರೆ ಆ ಸಂಕಲ್ಪಕ್ಕೆ ತಕ್ಕ ವಾಹನಗಳನ್ನೂ ಎಚ್ಚರವನ್ನೂ ಒದಗಿಸುವ ಹೊಣೆಯನ್ನು ಅದನ್ನು ಮಾಡಿದವರು ಅಷ್ಟೇ ಶ್ರದ್ಧೆಯಿಂದ ಹೊರಲಿಲ್ಲ.

1987ರಲ್ಲಿ ಅಲಿಯಾನ್ಸಾದ ಅಂಗಣದಲ್ಲಿ ಹೊಸ ಪೈರು ಬಂದಿತ್ತು. ಕ್ಲಬ್ಬಿನ ಕಿರಿಯರ ತಂಡಗಳಲ್ಲಿಯೇ ಬೆಳೆದ ಲೂಯಿಸ್ ಎಸ್ಕೋಬಾರ್, ಕಾರ್ಲೋಸ್ ಬುಸ್ತಮಾಂತೆ ಮೊದಲಾದ ತರುಣರನ್ನು ಜನ ಮುದ್ದಿನಿಂದ 'ಪೊತ್ರೀಯೋಸ್', ಎಂದರೆ ಕುದುರೆಮರಿಗಳು, ಎಂದು ಕರೆದರು. ಲಾಯದಿಂದ ಹೆಸರು ಪಡೆದ ಕ್ಲಬ್ಬಿಗೆ ಇದಕ್ಕಿಂತ ಒಪ್ಪುವ ಮಾತು ಬೇರೊಂದಿರಲಾರದು. 1978ರ ತರುವಾಯ ಪಟ್ಟವನ್ನು ಕಾಣದಿದ್ದ ಲಾ ವಿಕ್ಟೋರಿಯಾ ಈ ಮರಿಗಳ ಓಟದಲ್ಲಿ ತನ್ನ ಭಾಗ್ಯೋದಯವನ್ನು ಕಂಡಿತು. ಅವರ ಬೆನ್ನಿಗೆ ಇಬ್ಬರು ಹಿರಿಯರಿದ್ದರು: ಗೋಲುಕಾವಲಿಗೆ 33 ವರ್ಷದ ಹೊಸೆ ಗೊನ್ಸಾಲೆಸ್ ಗನೋಸಾ, ಗುರುವಾಗಿ, 1975ರಲ್ಲಿ ಪೆರುವಿಗೆ ದಕ್ಷಿಣ ಅಮೆರಿಕದ ಪಟ್ಟವನ್ನು ತಂದುಕೊಟ್ಟು, 1978ರ ವಿಶ್ವಕಪ್ಪಿಗೂ ತಂಡವನ್ನು ನಡೆಸಿದ ಮಾರ್ಕೋಸ್ ಕಾಲ್ಡೆರೊನ್. ಡಿಸೆಂಬರ್ ಬಂದಾಗ ಅವರು ಪಟ್ಟಿಯ ಅಗ್ರದಲ್ಲಿದ್ದರು.

ಡಿಸೆಂಬರ್ 8, ಮಾತೆ ಮೇರಿಯ ಹಬ್ಬದ ದಿನ. ಉಕಯಾಲಿ ನದಿಯ ದಡದ ಪುಕಾಲ್ಪಾ ಪಟ್ಟಣದಲ್ಲಿ ಡೆಪೋರ್ತಿವೊ ಬಾಂಕೋಸ್ ತಂಡದ ಎದುರು ಆಡಿ, ಬುಸ್ತಮಾಂತೆ ಹೊಡೆದ ಏಕೈಕ ಗೋಲಿನಿಂದ ಗೆದ್ದು, ನೌಕಾಪಡೆಯಿಂದ ಬಾಡಿಗೆಗೆ ಪಡೆದ ಫೋಕರ್ ವಿಮಾನವನ್ನು ಅವರು ಹತ್ತಿದರು. ಆಟಗಾರರ ಜೊತೆಗೆ ತರಬೇತುದಾರರು, ಅಭಿಮಾನಿಗಳು, ಆ ಪಂದ್ಯದ ತೀರ್ಪುಗಾರರು, ವೈಮಾನಿಕರು ಸೇರಿ ಒಟ್ಟು 44 ಜನ. ಪರ್ವತಗಳನ್ನು ದಾಟಿ ಲಿಮಾವನ್ನು ಸಮೀಪಿಸುವಷ್ಟರಲ್ಲಿ ಕತ್ತಲಾಗಿತ್ತು. ಇಳಿಯುವ ಮೊದಲು ಚಕ್ರಗಳು ಸರಿಯಾಗಿ ಚಾಚಿ ಬಿಗಿದುಕೊಂಡಿವೆಯೇ ಎಂಬುದನ್ನು ಸೂಚಿಸುವ ದೀಪ ಚಾಲಕನಿಗೆ ಭರವಸೆಯನ್ನು ಕೊಡಲಿಲ್ಲ. ಆತನು ವಿಮಾನವನ್ನು ನಿಯಂತ್ರಣ ಗೋಪುರದ ಪಕ್ಕದಲ್ಲಿ ತಗ್ಗಾಗಿ ಹಾಯಿಸಿ, ನೆಲದ ಮೇಲಿನವರು ಕಣ್ಣಾರೆ ನೋಡಿ ಹೇಳಲೆಂದು ಕೋರಿದನು. ಚಕ್ರಗಳು ಇಳಿದಿವೆ ಎಂಬ ಉತ್ತರವೂ ಅವನಿಗೆ ದೊರೆಯಿತು. ಮನೆಯ ದೀಪಗಳು ಕಾಣುವಷ್ಟು ಹತ್ತಿರದಿಂದ ಮತ್ತೊಮ್ಮೆ ಸಮುದ್ರದ ಕಡೆಗೆ ತಿರುಗಿ, ಸುತ್ತು ಹಾಕಿ ಬರುವಾಗ, ವೆಂಟಾನಿಯಾದ ಎದುರಿನ ಕಪ್ಪು ನೀರಿಗೆ ರೆಕ್ಕೆ ತಗುಲಿತು.

ಉಳಿದವನು ಚಾಲಕನೊಬ್ಬನೇ. ಆಲ್ಫ್ರೆಡೊ ತೊಮಸ್ಸಿನಿ ಎಂಬ ತರುಣ ಆಟಗಾರನೂ ಕೆಲವು ಹೊತ್ತು ತನ್ನ ಸಮೀಪದಲ್ಲಿ ತೇಲುತ್ತಿದ್ದನೆಂದೂ, ಬಳಿಕ ಅಲೆಗಳು ತಮ್ಮನ್ನು ಬೇರೆಮಾಡಿದವೆಂದೂ ಆತನೇ ಹೇಳಿದನು. 16 ಜನ ಆಟಗಾರರು, ಗುರು ಕಾಲ್ಡೆರೊನ್, ಒಟ್ಟು 43 ಜೀವಗಳು ಹೋದವು. ಕೆಲವರ ದೇಹಗಳು ಕೊನೆಗೂ ಸಿಕ್ಕಲಿಲ್ಲ.

ಶೋಕವನ್ನು ಇನ್ನಷ್ಟು ಕಹಿಯಾಗಿಸಿದ್ದು ಅಧಿಕಾರಸ್ಥರ ಮೌನ. ತನಿಖೆಯ ವರದಿಯನ್ನು ನೌಕಾಪಡೆ ಪ್ರಕಟಿಸಲಿಲ್ಲ. ಸತ್ಯವಿಲ್ಲದೆಡೆಯಲ್ಲಿ ಗಾಳಿಮಾತುಗಳು ಹುಟ್ಟಿದವು, ಬೆಳೆದವು. 2006ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದು ಆ ವರದಿಯನ್ನು ಬೆಳಕಿಗೆ ತಂದಾಗ ತಿಳಿದುಬಂದ ಸಂಗತಿಗಳಲ್ಲಿ ರಹಸ್ಯವೆಂಬುದೇನೂ ಇರಲಿಲ್ಲ: ಚಾಲಕನಿಗೆ ರಾತ್ರಿಯ ಹಾರಾಟದ ಅನುಭವ ಸಾಲದಿದ್ದುದು, ಆಪತ್ಕಾಲದ ಕ್ರಮಗಳನ್ನು ಓದಿಕೊಳ್ಳುವಲ್ಲಿ ತಪ್ಪಿದುದು, ವಿಮಾನದ ಯಂತ್ರಸ್ಥಿತಿ ಚೆನ್ನಾಗಿಲ್ಲದಿದ್ದುದು. ತಾಯಂದಿರು ಕೇಳಿದ ಆ ಮೂರು ಸಾಧಾರಣ ವಾಕ್ಯಗಳನ್ನು ಅವರಿಗೆ ಹೇಳಲು ಸುಮಾರು ಎರಡು ದಶಕಗಳೇ ಬೇಕಾದುದನ್ನು ನಾನು ಆ ಅಪಘಾತಕ್ಕಿಂತ ಕಡಮೆಯ ಅನ್ಯಾಯವೆಂದು ಎಣಿಸಲಾರೆ.

ಋತು ಮಾತ್ರ ಮುಗಿದಿರಲಿಲ್ಲ. ಉಳಿದ ಪಂದ್ಯಗಳನ್ನು ಯಾರಾದರೂ ಆಡಲೇಬೇಕಿತ್ತು. ಚಿಲಿ ದೇಶದ ಕೊಲೊ-ಕೊಲೊ ಕ್ಲಬ್ಬು ಗೋಲುಕಾವಲಿನ ಹೊಸೆ ಲೆಟೆಲಿಯೆರ್ ಸಹಿತ ನಾಲ್ವರು ಆಟಗಾರರನ್ನು ಕಳುಹಿಸಿತು. ಹತ್ತೊಂಬತ್ತನೆಯ ಶತಮಾನದ ಯುದ್ಧದಲ್ಲಿ ಚಿಲಿಯ ಸೈನ್ಯ ಲಿಮಾವನ್ನು ಆಕ್ರಮಿಸಿಕೊಂಡಿದ್ದ ನೆನಪು ಇನ್ನೂ ಮಾಯದ ದೇಶದಲ್ಲಿ ಇದೇನೂ ಸಣ್ಣ ಸಂಗತಿಯಲ್ಲ. ಎರಡು ಕ್ಲಬ್ಬುಗಳ ನಡುವೆ ಅಂದು ಕೂಡಿದ ಸ್ನೇಹ ಇಂದಿಗೂ ಬಾಡಿಲ್ಲ. ಇನ್ನು ತಿಯೋಫಿಲೊ ಕುಬಿಯಾಸ್: 1970 ಮತ್ತು 1978ರ ಎರಡು ವಿಶ್ವಕಪ್ಪುಗಳಲ್ಲಿಯೂ ಐದೈದು ಗೋಲುಗಳನ್ನು ಹೊಡೆದು, ಆಟದಿಂದ ನಿವೃತ್ತನಾಗಿದ್ದ ಆತನು, 38ರ ವಯಸ್ಸಿನಲ್ಲಿ ಬಾಲ್ಯದ ಅಂಗಿಯನ್ನು ಮರಳಿ ತೊಟ್ಟು ಅಂಗಣಕ್ಕಿಳಿದನು. ಇಪ್ಪತ್ತೊಂದು ವರ್ಷಗಳ ಹಿಂದೆ ತಾನು ಆರಂಭಿಸಿದ ವಿಕೇಂದ್ರಿತ ಯುಗದ ಋಣವನ್ನು ತೀರಿಸಲೆಂದು ಬಂದಂತಿದ್ದಿತು ಆ ಆಗಮನ. ಆದರೂ ಪಟ್ಟ ಊನಿವರ್ಸಿತಾರಿಯೊಗೆ ಸಂದಿತು. ಅಲಿಯಾನ್ಸಾ ಮತ್ತೆ ಪಟ್ಟವೇರಿದ್ದು 1997ರಲ್ಲಿ, ಕೊಲಂಬಿಯದ ಹೋರ್ಹೆ ಲೂಯಿಸ್ ಪಿಂಟೊನ ಶಿಕ್ಷಣದಲ್ಲಿ.

ಗೋಲುಕಾವಲಿನ ಗೊನ್ಸಾಲೆಸ್ ಗನೋಸಾನಿಗೆ ಪಾವೊಲೊ ಗೆರೆರೊ ಎಂಬ ಸೋದರಳಿಯನಿದ್ದನು. ಅಪಘಾತವಾದಾಗ ಆ ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಲಿಯಾನ್ಸಾದ ಕಿರಿಯರ ತಂಡಗಳಲ್ಲಿ ಬೆಳೆದು, ಅದರ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡದೆಯೇ ಜರ್ಮನಿಗೆ ಹೋದ ಆತನು, ವಿಮಾನಯಾನದ ಭಯವನ್ನು ಜೊತೆಯಲ್ಲಿ ಹೊತ್ತುಕೊಂಡೇ ಖಂಡಖಂಡಗಳನ್ನು ಸುತ್ತಿ, ಪೆರು ದೇಶದ ಪರವಾಗಿ ಎಲ್ಲರಿಗಿಂತ ಹೆಚ್ಚು ಗೋಲುಗಳನ್ನು ಹೊಡೆದು, 2024ರಲ್ಲಿ ತನ್ನ ನಲವತ್ತನೆಯ ವಯಸ್ಸಿನಲ್ಲಿ ಮಟೂಟೆಗೆ ಮರಳಿ ಮಾವನ ಕ್ಲಬ್ಬಿನ ಅಂಗಿಯನ್ನು ತೊಟ್ಟನು.