ಇವಾನ್ ಇಲಿಚ್‌ನ ತಮ್ಮನೂ ಮೊಸರಿನ ಕುಡಿಕೆಯೂ

ಟಾಲ್‌ಸ್ಟಾಯಿಯ ‘ಇವಾನ್ ಇಲಿಚ್‌ನ ಸಾವು’ ಎಂಬ ನೀಳ್ಗತೆಯನ್ನು ಓದದ ಸಾಹಿತ್ಯಪ್ರಿಯರು ವಿರಳ. 1886ರಲ್ಲಿ ಪ್ರಕಟವಾದ ಆ ಕಥೆಯ ನಾಯಕ ಒಬ್ಬ ನ್ಯಾಯಾಧಿಕಾರಿ. ಅವನಿಗೆ ಹೊಟ್ಟೆಯ ಒಂದು ಪಕ್ಕದಲ್ಲಿ ನೋವು ತೊಡಗುತ್ತದೆ. ದೋಷ ಮೂತ್ರಪಿಂಡದ್ದೋ ಕರುಳಿನದೋ ಎಂದು ವೈದ್ಯರು ತರ್ಕಿಸುತ್ತಿರುವಾಗಲೇ ಅವನು ಸಾವಿನತ್ತ ಸಾಗುತ್ತಾನೆ. ಈ ಪಾತ್ರಕ್ಕೆ ಮಾದರಿಯಾದವನು ತೂಲಾ ಪಟ್ಟಣದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಇವಾನ್ ಇಲಿಚ್ ಮೆಚ್ನಿಕಾಫ್. 1881ರಲ್ಲಿ, ಇನ್ನೂ 45ರ ವಯಸ್ಸಿನಲ್ಲಿ, ಅವನು ತೀರಿಕೊಂಡಾಗ ಮಗ್ಗುಲಲ್ಲಿದ್ದವನು ಕಿರಿಯ ತಮ್ಮ ಇಲ್ಯಾ ಮೆಚ್ನಿಕಾಫ್. ನಾನು ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ಪ್ರಸ್ತಾಪಿಸಿದ್ದೇನೆ. ಆದರೆ ಆ ತಮ್ಮನೇ ಮುಂದೆ ಮಲಬದ್ಧತೆಗೂ ಮುಪ್ಪಿಗೂ ಮೊಸರೇ ಮದ್ದೆಂದು ಜಗತ್ತಿಗೆ ಸಾರಿದವನೆಂಬುದು ತಿಳಿದದ್ದು ನಿವೃತ್ತನಾದ ಮೇಲೆ.

ಅಣ್ಣನ ಸಾವು ಟಾಲ್‌ಸ್ಟಾಯಿಗೆ ಕಥೆಯಾಯಿತು. ತಮ್ಮನಿಗೆ ಅದು ಪ್ರಶ್ನೆಯಾಗಿ ಉಳಿಯಿತು. ಇಲ್ಯಾ ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಖಾರ್ಕೋವ್ ಸಮೀಪದ ಹಳ್ಳಿಯೊಂದರಲ್ಲಿ. ಮೊದಲ ಹೆಂಡತಿ 1873ರಲ್ಲಿ ಕ್ಷಯದಿಂದ ತೀರಿಕೊಂಡಳು. ತಾರುಣ್ಯದಲ್ಲಿ ಎರಡು ಬಾರಿ ತನ್ನ ಬಾಳನ್ನೇ ಮುಗಿಸಿಕೊಳ್ಳಲು ಹೋಗಿ ಬದುಕುಳಿದವನು ಅವನು. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿ ಮುಳ್ಳನ್ನು ಚುಚ್ಚಿಟ್ಟು, ಮರುದಿನ ಬೆಳಗ್ಗೆ ಆ ಮುಳ್ಳನ್ನು ಸುತ್ತುವರಿದ ಜೀವಕೋಶಗಳನ್ನು ಕಂಡ. ದೇಹದೊಳಗೆ ನುಗ್ಗಿದ ಶತ್ರುವನ್ನು ನುಂಗುವ ಕೋಶಗಳಿವೆ ಎಂಬ ಈ ಶೋಧಕ್ಕೆ 1908ರಲ್ಲಿ, ಪಾಲ್ ಎರ್ಲಿಖ್‌ನ ಜೊತೆಯಲ್ಲಿ, ನೊಬೆಲ್ ಪಾರಿತೋಷಕ ಬಂದಿತು. ಅಷ್ಟರಲ್ಲಿ ಅವನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾಗಿದ್ದವು; ಮನಸ್ಸು ಮುಪ್ಪಿನ ಕಡೆಗೆ ಹೊರಳಿತ್ತು.

ಮನುಷ್ಯ ಮುಪ್ಪಾಗುವುದೇಕೆ? ಮೆಚ್ನಿಕಾಫನ ಉತ್ತರ ದೊಡ್ಡ ಕರುಳಿನ ಮೇಲೆ ಹೊರಿಸಿದ ಒಂದು ಆರೋಪಪಟ್ಟಿಯೇ ಸರಿ. ಅಲ್ಲಿ ಮಲ ತಂಗುತ್ತದೆ. ತಂಗಿದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವು ಹುಟ್ಟಿಸಿದ ವಿಷ ರಕ್ತಕ್ಕೆ ಸೇರಿ ದೇಹವನ್ನು ದಿನದಿನಕ್ಕೂ ಸವೆಸುತ್ತದೆ. ಹಾಗಾದರೆ ಪರಿಹಾರ? ಹಾಲು ಕೊಳೆಯದೆ ಹುಳಿಯಾಗುವುದನ್ನು ಅವನು ಗಮನಿಸಿದ್ದ. ಹುಳಿಯಲ್ಲಿ ಕೊಳೆಸುವ ಜೀವಿಗಳು ಬೆಳೆಯಲಾರವು. ಆದ್ದರಿಂದ ಹುಳಿ ಬರಿಸುವ ಜೀವಿಗಳನ್ನೇ ಕರುಳಿಗೆ ಕಳುಹಿಸಿದರಾಯಿತು! 1904ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪನ್ನು ಕುರಿತು ಉಪನ್ಯಾಸ ಮಾಡುತ್ತ, ಮೊಸರುಣ್ಣುವ ಬಲ್ಗೇರಿಯದ ರೈತರ ದೀರ್ಘಾಯುಸ್ಸನ್ನು ಅವನು ಪ್ರಸ್ತಾಪಿಸಿದ. ಅವನು ಹೇಳಿದ್ದು ಎಚ್ಚರಿಕೆಯಿಂದಲೇ. ಪತ್ರಿಕೆಗಳು ಆ ಎಚ್ಚರಿಕೆಯನ್ನು ಬಿಟ್ಟು ಮೊಸರನ್ನು ಮಾತ್ರ ಹಿಡಿದುಕೊಂಡವು. ಮರುವರ್ಷ ಜಿನೀವಾದಲ್ಲಿ ಓದುತ್ತಿದ್ದ ಸ್ಟಾಮೆನ್ ಗ್ರಿಗೊರೊಫ್ ಎಂಬ ಬಲ್ಗೇರಿಯದ ತರುಣ ತನ್ನ ನಾಡಿನ ಮೊಸರಿನೊಳಗಿನ ಜೀವಾಣುವನ್ನು ಗುರುತಿಸಿ ವರ್ಣಿಸಿದ. ಯೂರೋಪಿನ ಔಷಧದ ಅಂಗಡಿಗಳಿಗೆ ಹೆಪ್ಪಿನ ಮಾತ್ರೆಗಳು ಬಂದವು. 1919ರಲ್ಲಿ ಬಾರ್ಸಿಲೋನದ ಐಸಾಕ್ ಕರಾಸೊ ‘ದಾನೋನ್’ ಎಂಬ ಹೆಸರಿನಲ್ಲಿ ಮೊಸರನ್ನು ತಯಾರಿಸಿದಾಗ ಅದು ಮೊದಮೊದಲು ಬಿಕರಿಯಾದದ್ದೂ ಔಷಧದ ಅಂಗಡಿಗಳಲ್ಲಿಯೇ. ಮಧ್ಯಾಹ್ನದ ಊಟವನ್ನು ಮೊಸರನ್ನದಿಂದ ಮುಗಿಸುವ ನಮಗೆ ಇದು ನಗೆಯ ಸಂಗತಿಯಾಗಿ ತೋರಬಹುದು. ಅಮೆರಿಕದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ಡಾಕ್ಟರ್ ಕೆಲಾಗ್ ತನ್ನ ರೋಗಿಗಳಿಗೆ ಮೊಸರನ್ನು ಬಾಯಿಯಿಂದ ಕೊಟ್ಟದ್ದಲ್ಲದೆ ಇನ್ನೊಂದು ದ್ವಾರದಿಂದಲೂ ಏರಿಸುತ್ತಿದ್ದನೆಂಬುದನ್ನು ಹೇಳಿ ಮುಂದುವರಿಯುತ್ತೇನೆ. ಆಕಾಶವಾಣಿಯಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಸಲ್ಲದು.

ಆದರೆ ಈ ಕಥೆಗೆ ನಗಲಾಗದ ಇನ್ನೊಂದು ಮುಖವಿದೆ. ದೊಡ್ಡ ಕರುಳು ವಿಷದ ತೊಟ್ಟಿಯೆಂದ ಮೇಲೆ ಅದನ್ನು ತೆಗೆದೇ ಹಾಕಿದರೆ ಹೇಗೆ? ಮೆಚ್ನಿಕಾಫ್ ಹಿಡಿದದ್ದು ಈ ದಾರಿಯನ್ನಲ್ಲ. ಕರುಳಿನಲ್ಲಿ ನೆಲೆಸಿದ ಜೀವಿಗಳನ್ನು ಬದಲಿಸುವುದು ಅವನ ಮಾರ್ಗ. ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ ಆರ್ಬತ್‌ನಾಟ್ ಲೇನ್ ಮಾತ್ರ ಕತ್ತಿಯನ್ನೇ ಹಿಡಿದ. ಅಂದಿನ ಇಂಗ್ಲೆಂಡಿನ ಅತ್ಯಂತ ಕುಶಲ ಶಸ್ತ್ರವೈದ್ಯರಲ್ಲಿ ಅವನೊಬ್ಬ. ಮುರಿದ ಮೂಳೆಗಳನ್ನು ಲೋಹದ ಪಟ್ಟಿಯಿಂದ ಜೋಡಿಸುವುದರಲ್ಲಿ ಅವನ ಹೆಸರು ಇಂದಿಗೂ ದೊಡ್ಡದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆತ ತೀವ್ರ ಮಲಬದ್ಧತೆಯ ರೋಗಿಗಳಿಗೆ ಮೊದಲು ಸಣ್ಣ ಕರುಳಿನ ತುದಿಯನ್ನು ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ನೇರವಾಗಿ ಹೊಲಿದ. ಅದು ಸಾಲದೆಂದು ತೋರಿದಾಗ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದ. ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು. ಕೆಲವರು ಚೇತರಿಸಿಕೊಂಡರು, ಕೆಲವರು ಸತ್ತರು, ಉಳಿದ ಎಷ್ಟೋ ಮಂದಿ ಹೊಸ ತೊಂದರೆಗಳನ್ನು ಹೊತ್ತು ಬಾಳಿದರು. ಬರ್ನಾರ್ಡ್ ಷಾನ ‘ದಿ ಡಾಕ್ಟರ್ಸ್ ಡಿಲೆಮಾ’ ನಾಟಕ ರಂಗಕ್ಕೆ ಬಂದದ್ದು 1906ರಲ್ಲಿ. ಅದರಲ್ಲಿ ಕಟ್ಲರ್ ವಾಲ್‌ಪೋಲ್ ಎಂಬ ಶಸ್ತ್ರವೈದ್ಯ, ಸಕಲ ರೋಗಕ್ಕೂ ರಕ್ತದ ವಿಷವೇ ಕಾರಣವೆಂದು ನಂಬಿ, ಇಲ್ಲದ ಒಂದು ಅಂಗವನ್ನು ಎಲ್ಲರಿಂದಲೂ ಕತ್ತರಿಸಲು ಹಾತೊರೆಯುತ್ತಾನೆ. ಲೇನನೇ ಅವನ ಮಾದರಿಯೆನ್ನುವವರುಂಟು. ಅದೇ ನಾಟಕದಲ್ಲಿ ಮೆಚ್ನಿಕಾಫನ ನುಂಗುವ ಕೋಶಗಳ ಮಾತೂ ಬರುತ್ತದೆ. ಷಾ ಬರೆದದ್ದು ಪ್ರಹಸನವೆಂದು ನಾವು ಓದಿ ನಕ್ಕಿದ್ದೇವೆ. ಆ ನಗೆಯ ಹಿಂದೆ ಮೇಜಿನ ಮೇಲೆ ಮಲಗಿದ್ದ ಹೆಂಗಸರಿದ್ದರೆಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ.

ವಿಷದ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಬಹಳ ಸರಳವಾದ ಒಂದು ಪ್ರಶ್ನೆಯಿಂದ. ಮಲಬದ್ಧತೆಯುಳ್ಳವನಿಗೆ ತಲೆನೋವು, ಜಡತೆ, ಬೇಸರ ಬರುವುದು ನಿಜ. ಆದರೆ ಮಲ ಹೊರಗೆ ಹೋದ ಕ್ಷಣದಲ್ಲಿಯೇ ಅವು ಮಾಯವಾಗುವುದೇಕೆ? ರಕ್ತದಲ್ಲಿ ವಿಷ ಸೇರಿದ್ದರೆ ಅದು ಇಳಿಯಲು ಹೊತ್ತು ಬೇಡವೇ? 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ ಈ ತರ್ಕವನ್ನು ಮುಂದಿಟ್ಟು, ಕರುಳು ಹಿಗ್ಗಿ ನರಗಳ ಮೇಲೆ ಒತ್ತಡ ಬೀಳುವುದೇ ಈ ಲಕ್ಷಣಗಳಿಗೆ ಕಾರಣವೆಂದ. 1922ರಲ್ಲಿ ಡೊನಾಲ್ಡ್‌ಸನ್ ಎಂಬಾತ ಗುದನಾಳದಲ್ಲಿ ಬರಿಯ ಹತ್ತಿಯನ್ನು ತುಂಬಿ ನೋಡಿದ. ಅದೇ ತಲೆನೋವು, ಅದೇ ಜಡತೆ! ಹತ್ತಿಯಲ್ಲಿ ವಿಷವೆಲ್ಲಿಯದು?

ಇದನ್ನು ಓದಿದ ದಿನ ನನಗೆ ನನ್ನ ತಂದೆಯವರ ನೆನಪಾಯಿತು. ಎಲ್ಲ ರೋಗಕ್ಕೂ ಮಲಬದ್ಧತೆಯೇ ಮೂಲವೆಂಬ ಮಾತು ನಮ್ಮ ಮನೆಯಲ್ಲಿ ವೇದವಾಕ್ಯ. ತಂದೆಯವರ ಕಡೆಯ ಹತ್ತು ವರ್ಷ ಮನೆಯ ಮುಂಜಾವಿನ ಹವೆ ನಿರ್ಧಾರವಾಗುತ್ತಿದ್ದದ್ದು ಅವರು ಬಚ್ಚಲಮನೆಯಿಂದ ಹೊರಬರುವಾಗಿನ ಮುಖದಿಂದ. ಒಂದು ದಿನ ತಪ್ಪಿದರೆ ಮೈಯೆಲ್ಲ ನಂಜೇರಿತೆಂದು ಅಂಜಿ, ಹರಳೆಣ್ಣೆಗೂ ಇಸಬಗೋಲಿಗೂ ಕೈಚಾಚುತ್ತಿದ್ದರು. ಆ ಸಂಕಟ ನಿಜವಾದದ್ದು; ಭಯ ಮಾತ್ರ ಪ್ಯಾರಿಸ್, ಲಂಡನ್ನುಗಳಲ್ಲಿ ಒಂದು ಕಾಲಕ್ಕೆ ವಿಜ್ಞಾನವಾಗಿ ಮೆರೆದು ತಳ್ಳಿಹೋದ ಭಯ. ವಿಷವೇನೂ ಏರುವುದಿಲ್ಲ ಅಪ್ಪ, ನಾಳೆ ಆದರೂ ಆದೀತು ಎಂದು ಆಗ ಹೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ.

ಸಿದ್ಧಾಂತ ಬಿದ್ದುಹೋಯಿತು, ಮೊಸರಿನ ಕುಡಿಕೆ ಉಳಿಯಿತು. ಬಲ್ಗೇರಿಯದ ಜೀವಾಣು ಮನುಷ್ಯನ ಕರುಳಿನಲ್ಲಿ ನೆಲೆಯೂರುವುದೇ ಇಲ್ಲವೆಂದು ಯೇಲ್ ವಿಶ್ವವಿದ್ಯಾನಿಲಯದ ಲಿಯೊ ರೆಟ್ಗರ್ ಮತ್ತು ಅವನ ಸಂಗಡಿಗರು ಕಂಡುಕೊಂಡರು. ಅದರ ಬದಲು, 1900ರಲ್ಲಿ ಅರ್ನ್ಸ್ಟ್ ಮೊರೊ ಎಂಬ ಮಕ್ಕಳ ವೈದ್ಯ ಶಿಶುಗಳ ಮಲದಲ್ಲಿ ಗುರುತಿಸಿದ್ದ ಆಸಿಡೊಫಿಲಸ್ ಎಂಬ ಜೀವಾಣುವನ್ನು ಹಾಲಿನಲ್ಲಿ ಬೆಳೆಸಿ, 1920ರ ದಶಕದಲ್ಲಿ ಮಲಬದ್ಧತೆಯ ರೋಗಿಗಳಿಗೆ ಕುಡಿಸಿ ನೋಡಿದರು. ಪಾಶ್ಚರ್ ಸಂಸ್ಥೆಯಲ್ಲಿಯೇ ಆನ್ರಿ ತಿಸ್ಸಿಯೆ ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಬಿಫಿಡಸ್ ಜೀವಾಣುವನ್ನು ಅದಕ್ಕೂ ಮೊದಲೇ ಕಂಡಿದ್ದ. 1930ರಲ್ಲಿ ಜಪಾನಿನ ಕ್ಯೋಟೊದಲ್ಲಿ ಮಿನೊರು ಶಿರೋತ ಜಠರದ ಆಮ್ಲವನ್ನು ದಾಟಿ ಕರುಳನ್ನು ಜೀವಂತವಾಗಿ ಮುಟ್ಟುವ ಒಂದು ತಳಿಯನ್ನು ಬೇರ್ಪಡಿಸಿದ. ಐದು ವರ್ಷಗಳ ಮೇಲೆ ಅದು ‘ಯಾಕುಲ್ಟ್’ ಎಂಬ ಪಾನೀಯವಾಗಿ ಮಾರಾಟಕ್ಕೆ ಬಂದಿತು. ಇಂಥ ಜೀವಾಣುಗಳಿಗೆ ‘ಪ್ರೋಬಯಾಟಿಕ್’ ಎಂಬ ಹೆಸರು ರೂಢಿಗೆ ಬಂದದ್ದು ಇನ್ನೂ ತಡವಾಗಿ. ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಹಿತಮಾಡುವ ಜೀವಂತ ಸೂಕ್ಷ್ಮಜೀವಿಗಳೆಂಬ ಅರ್ಥವನ್ನು ಅದಕ್ಕೆ 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಘಟನೆಗಳ ತಜ್ಞರು ಗೊತ್ತುಮಾಡಿದರು.

ಇವು ಮಲಬದ್ಧತೆಗೆ ನೆರವಾಗುವ ಬಗೆ ಮೆಚ್ನಿಕಾಫ್ ಊಹಿಸಿದಂತೆ ವಿಷಹರಣವಲ್ಲ. ನಾವು ಜೀರ್ಣಿಸಲಾರದ ನಾರನ್ನೂ ಸಕ್ಕರೆಯನ್ನೂ ಕರುಳಿನ ಜೀವಾಣುಗಳು ಹುಳಿಯಿಸಿದಾಗ ಕೆಲವು ಆಮ್ಲಗಳು ಹುಟ್ಟುತ್ತವೆ. ಇವು ಕರುಳಿನ ಅಲೆಯಂಥ ಚಲನೆಯನ್ನು ಚುರುಕುಗೊಳಿಸಬಲ್ಲವೆಂದು ತಿಳಿಯಲಾಗಿದೆ. ಫಲ ಎಷ್ಟು? ಜರ್ಮನಿಯಲ್ಲಿ ದೀರ್ಘಕಾಲದ ಮಲಬದ್ಧತೆಯ 70 ರೋಗಿಗಳಿಗೆ ನಾಲ್ಕು ವಾರ ಶಿರೋತನ ಪಾನೀಯವನ್ನೋ, ಜೀವಾಣುವಿಲ್ಲದ ಅದೇ ರುಚಿಯ ಪಾನೀಯವನ್ನೋ ಕೊಟ್ಟ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಜೀವಾಣು ಕುಡಿದವರಲ್ಲಿ ನೂರಕ್ಕೆ 89 ಮಂದಿಗೆ ಸುಧಾರಣೆ ಕಂಡಿತು. ಬರಿಯ ಪಾನೀಯ ಕುಡಿದವರಲ್ಲಿಯೂ ನೂರಕ್ಕೆ 56 ಮಂದಿಗೆ ಕಂಡಿತು! ಈ ಎರಡನೆಯ ಸಂಖ್ಯೆಯನ್ನು ಜಾಹೀರಾತುಗಳು ಹೇಳುವುದಿಲ್ಲ. 2014ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 1182 ಜನರನ್ನೊಳಗೊಂಡ 14 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದಾಗ, ಆಹಾರ ಕರುಳನ್ನು ದಾಟುವ ಕಾಲ ಸರಾಸರಿ ಸುಮಾರು 12 ಗಂಟೆ ಕಡಿಮೆಯಾಗಿ, ವಿಸರ್ಜನೆಯ ಸಂಖ್ಯೆ ವಾರಕ್ಕೆ ಒಂದಕ್ಕಿಂತ ತುಸು ಹೆಚ್ಚಿನಷ್ಟು ಏರಿದ್ದು ತಿಳಿಯಿತು. ಹೆಚ್ಚಿನ ಫಲ ಬಿಫಿಡಸ್ ಗುಂಪಿನ ಒಂದು ಜಾತಿಯದು. ಅದೇ ಜಾತಿಯ ಒಂದು ತಳಿಯನ್ನು ಅದೇ ಬಳಗದವರು 75 ಜನರ ಮೇಲೆ ಪರೀಕ್ಷಿಸಿ, ಏನೂ ಪ್ರಯೋಜನ ಕಾಣಲಿಲ್ಲವೆಂದು 2019ರಲ್ಲಿ ಮರೆಮಾಚದೆ ಪ್ರಕಟಿಸಿದರು. ಈ ಪ್ರಾಮಾಣಿಕತೆ ಲೇನನ ಕಾಲದಲ್ಲಿದ್ದಿದ್ದರೆ ಎಷ್ಟೋ ಕರುಳುಗಳು ಉಳಿಯುತ್ತಿದ್ದವು.

ನಮ್ಮ ಮನೆಯ ಮೊಸರಿನ ಪಾಡೇನು ಎಂದು ನೀವು ಕೇಳಬಹುದು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದ ನಾಡಿಗೆ ಮೊಸರಿನ ರುಚಿಯನ್ನು ಯಾರೂ ಹೊರಗಿನಿಂದ ಹೇಳಿಕೊಡಬೇಕಾಗಿಲ್ಲ. ಚರಕನಂತೂ ಮೂಲವ್ಯಾಧಿಗೆ ಮಜ್ಜಿಗೆಯನ್ನು ಹೊಗಳಿ, ರಾತ್ರಿ ಮೊಸರುಣ್ಣುವುದನ್ನು ನಿಷೇಧಿಸಿದವನು. ಆದರೆ ನೆರೆಮನೆಯಿಂದ ತಂದ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂಬ ಲೆಕ್ಕವಿಲ್ಲ. ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಅದು ಬದಲಾಗುತ್ತದೆ. ಆದ್ದರಿಂದ ಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ಅದನ್ನು ಪ್ರೋಬಯಾಟಿಕ್ ಎನ್ನಲಾಗದು. ಒಳ್ಳೆಯ ಆಹಾರ ಎನ್ನಲು ಅಡ್ಡಿಯಿಲ್ಲ. ಸೊಪ್ಪು, ಕಾಳು, ನೀರು, ನಡಿಗೆ ಇವುಗಳ ಜೊತೆಗೆ ಅದೂ ಇರಲಿ. ಮಲದಲ್ಲಿ ರಕ್ತ ಕಂಡರೆ, ಮೈ ಕಾರಣವಿಲ್ಲದೆ ಇಳಿದರೆ, ವಯಸ್ಸಾದ ಮೇಲೆ ಅಭ್ಯಾಸ ಹಠಾತ್ತಾಗಿ ಬದಲಾದರೆ ಮಾತ್ರ ಮೊಸರನ್ನು ನೆಚ್ಚಿ ಕೂಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮೆಚ್ನಿಕಾಫ್ 1909ರಲ್ಲಿ ಯಾಸ್ನಾಯಾ ಪೋಲ್ಯಾನಾಕ್ಕೆ ಹೋಗಿ ಮುದುಕ ಟಾಲ್‌ಸ್ಟಾಯಿಯನ್ನು ಕಂಡುಬಂದ. ಒಬ್ಬನಿಗೆ ಸಾವು ಆತ್ಮದ ಪ್ರಶ್ನೆ, ಇನ್ನೊಬ್ಬನಿಗೆ ಕರುಳಿನ ಪ್ರಶ್ನೆ. ಏಳು ವರ್ಷಗಳ ಅನಂತರ, 1916ರ ಜುಲೈ ತಿಂಗಳಲ್ಲಿ, ವರ್ಷಗಟ್ಟಲೆ ಹುಳಿಹಾಲು ಕುಡಿದ ಮೆಚ್ನಿಕಾಫ್ 71ರ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡ. ತನ್ನ ವಂಶದಲ್ಲಿ ಹೆಚ್ಚಿನವರು ಇಷ್ಟು ಕಾಲವೂ ಬಾಳಲಿಲ್ಲವೆಂದು ಅವನು ಸಮಾಧಾನಪಟ್ಟುಕೊಂಡಿದ್ದ. ಅಣ್ಣನನ್ನು ನೆನೆದರೆ ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೊನೆಯ ಗಳಿಗೆಯಲ್ಲಿ ಸಹೋದ್ಯೋಗಿ ಸಾಲಿಂಬೆನಿಯನ್ನು ಹತ್ತಿರ ಕರೆದು, ತನ್ನ ಶವಪರೀಕ್ಷೆಯನ್ನು ಅವನೇ ಮಾಡಬೇಕೆಂದೂ ಕರುಳನ್ನು ಜಾಗರೂಕತೆಯಿಂದ ನೋಡಬೇಕೆಂದೂ ಕೇಳಿಕೊಂಡನಂತೆ. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಿದರು.